ರಾಣಿಮೀನು ಮತ್ತು ತಪ್ಪಿದ ಗಾಡಿ

ಸೋಲಾಪುರ
೨೮ ಏಪ್ರಿಲ್ ೨೦೨೫

ಅವ್ವನ ನಂತರ ಅವ್ವನ ಜಾಗದಲ್ಲಿರುವ ಕಸ್ತೂರಕ್ಕನಿಗೆ,

ನಂದಾಳ ಶರಣು. ಪತ್ರ ಬರೆಯಲು ಹನ್ನೊಂದು ತಿಂಗಳು ತಡ ಮಾಡಿದ್ದಕ್ಕೆ ಬೈಯಬೇಕೆನಿಸಿದರೆ ಬೈದುಬಿಡು, ಹರಿದು ಮಾತ್ರ ಹಾಕಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಮಗ ಧರ್ಮರಾಜ ಎತ್ತಿ, "ಅವ್ವ ಕೆಲಸದಾಗದಾಳ, ಮಾವಶಿ" ಅನ್ನುತ್ತಾನೆ. ಹಿಂದೆ ನಿನ್ನ ದನಿ ಕೇಳಿಸುತ್ತಿರುತ್ತದೆ.

ಬರುವ ತಿಂಗಳ ಹದಿನೆಂಟಕ್ಕೆ ಅವ್ವ ತೀರಿ ವರ್ಷವಾಗುತ್ತದೆ. ಆ ದಿನ ದುಧನಿಗೆ, ನಿನ್ನ ಮನೆಗೆ ಬರಲೇ? ಇದೊಂದನ್ನು ಕೇಳುವುದಕ್ಕೇ ಈ ಪತ್ರ. ಮಣ್ಣಿನ ದಿನ ನಾನು ತಡವಾಗಿ ಬಂದಾಗ ಎಲ್ಲರ ಮುಂದೆ, "ರೈಲ್ವೆಯವನ ಹೇಣ್ತಿಗಿ ಗಾಡಿ ತಪ್ತದೇನ?" ಅಂದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ಕರೆಯದೆ ಬಂದು ಮತ್ತೊಮ್ಮೆ ಕೇಳುವ ತ್ರಾಣ ನನಗಿಲ್ಲ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಇವರು ಡ್ಯೂಟಿಗೆ ಹೋದರೆ ಎರಡು ದಿನ ಮನೆಯಲ್ಲಿಲ್ಲ. ಮಗಳು ಪೂನಮ ಹತ್ತನೆಯ ಪರೀಕ್ಷೆ ಬರೆದು ಮಲಗಿದ್ದೇ ಮಲಗಿದ್ದು. ನನ್ನ ಪಾಲಿಗೆ ಬಂದದ್ದು ಇವರ ಸಮುದ್ರ. ನೀನೂ ನೋಡಿದ್ದೀಯಲ್ಲ, ಪಡಸಾಲೆಯ ಗಾಜಿನ ಪೆಟ್ಟಿಗೆ, ಒಳಗೆ ಹವಳದ ಕಲ್ಲು, ಕಲ್ಲಿನ ಪೊಟರೆಯಲ್ಲಿ ಒಂದೇ ಒಂದು ಮೀನು. ತಲೆಯ ಕಡೆ ನೇರಳೆ, ಬಾಲದ ಕಡೆ ಅರಿಶಿಣ. ಇವರು ಮುಂಬೈಯಿಂದ ತಂದಾಗ ಪೂನಮ ರಾಣಿ ಅಂತ ಹೆಸರಿಟ್ಟಳು. ಪಾಪದ್ದು, ಯಾರ ತಂಟೆಗೂ ಹೋಗುವುದಿಲ್ಲ. ಸೇವೆಗೆ ಮಾತ್ರ ನಾನಿದ್ದೇನೆ!

ಈ ಬಿಸಿಲಿಗೆ ದಿನಕ್ಕೆ ಎರಡು ತಂಬಿಗೆ ನೀರು ಆರಿಹೋಗುತ್ತದೆ. ಸಮುದ್ರದ ನೀರು ಆರಿದರೆ ಸಮುದ್ರದ ನೀರನ್ನೇ ಹಾಕಬೇಕೆಂದು ಮೊದಮೊದಲು ಉಪ್ಪು ಕಲಸಿ ಹಾಕುತ್ತಿದ್ದೆ. ಮೀನು ಸೊರಗಿತು. "ಏ ಹುಚ್ಚಿ, ಉಪ್ಪು ಎಲ್ಲಿಗೂ ಹೋಗಂಗಿಲ್ಲ, ನೀರಷ್ಟ ಹೋಗ್ತದ. ಬರೇ ಸಪ್ಪನ ನೀರು ಹಾಕು" ಅಂತ ಇವರು ಕೂಗಾಡಿದರು. ಅಂದಿನಿಂದ ಗಾಜಿನ ಮೇಲೆ ಗೆರೆ ಎಳೆದು, ಚಹಾಕ್ಕಿಂತ ಮೊದಲು ಗೆರೆಯ ತನಕ ಫಿಲ್ಟರ್ ನೀರು ತುಂಬಿಸುತ್ತೇನೆ. ಬಿಸಿಲೇರಿದರೆ ಬರ್ಫದ ಬಾಟಲಿ ತೇಲಿಬಿಡುತ್ತೇನೆ. ಆರು ವರ್ಷದಲ್ಲಿ ಹೆಚ್ಚುಕಡಿಮೆ ಒಂದು ದಿನವೂ ತಪ್ಪಿಲ್ಲ. ದಣಿದುಹೋಗಿದ್ದೇನೆ ಅಕ್ಕ. ಮಲಗಿ ಎದ್ದರೂ ಹೋಗದ ದಣಿವು.

ಅವ್ವ ಬಂದಾಗ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದಳು. "ಇಷ್ಟ ಉಪ್ಪಿನಾಗ ಹೆಂಗ ಇರ್ತದ ಪಾಪ? ಒಂದ್ ತುಣಕ ಭಕ್ಕರಿ ಹಾಕ್ಲೇನ?" ಮೀನಿಗೆ ರೊಟ್ಟಿ ಬೇಡ ಅಂದರೆ ಸಿಟ್ಟು. "ನಿಮ್ಮ ಮನ್ಯಾಗ ಮೀನಿಗೂ ಭಕ್ಕರಿ ಸೇರಂಗಿಲ್ಲ ಬಿಡು" ಅನ್ನುತ್ತಿದ್ದಳು. ಅದನ್ನು ನೆನೆದರೆ ನಗು ಬರುತ್ತದೆ, ಆಮೇಲೆ ಅಳುತ್ತೇನೆ.

ನೀನು ಬಾ ಅಂದರೆ ಮೀನನ್ನು ಪೂನಮಳ ಮೇಲೆ ಬಿಟ್ಟು ಎರಡು ದಿನ ಮೊದಲೇ ಬರುತ್ತೇನೆ. ಪಾತ್ರೆ ತಿಕ್ಕು ಅಂದರೆ ತಿಕ್ಕುತ್ತೇನೆ, ಮಾತಾಡಬೇಡ ಅಂದರೆ ಸುಮ್ಮನಿರುತ್ತೇನೆ.

ಭಾವನವರಿಗೆ ಶರಣು. ಧರ್ಮರಾಜನಿಗೆ ಆಯುಷ್ಯ, ಆರೋಗ್ಯ ಎಲ್ಲ ತುಂಬಿ ಬರಲಿ. ನಿನ್ನ ಮಂಡಿನೋವನ್ನು ಸಿದ್ಧರಾಮ ಕಡಿಮೆ ಮಾಡಲಿ.

ನಿನ್ನ ತಂಗಿ,
ನಂದಾ

ತಾ.ಕ.: ಪಾಕೀಟು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಈ ಮನೆಯಲ್ಲಿ ಕನ್ನಡ ಓದುವವರು ಬೇರೆ ಯಾರೂ ಇಲ್ಲ, ಅದಕ್ಕೇ ಬರೆಯುವ ಧೈರ್ಯ. ಅಕ್ಕ, ಅಂದು ಗಾಡಿ ತಪ್ಪಲಿಲ್ಲ. "ಅವ್ವ ನಿನ್ನ ಕೇಳಾಕತ್ಯಾಳ, ಲಗೂನ ಬಾ" ಅಂತ ನೀನು ಫೋನ್ ಮಾಡಿದಾಗ ಮಧ್ಯಾಹ್ನ ಹನ್ನೆರಡು. ಚೀಲ ಹೆಗಲಿಗೇರಿಸಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟಿಲ್ಲದಾಗ ನೀರಿಗೆ ಗಾಳಿ ಊದುವ ಬ್ಯಾಟರಿ ಪಂಪು ಕೆಟ್ಟಿತ್ತು. ಪೂನಮ ಅಕ್ಕಲಕೋಟದಲ್ಲಿ ಇವರ ಅವ್ವನ ಮನೆಯಲ್ಲಿದ್ದಳು. ಮೀನು ಮೇಲೆ ಬಂದು ಬಾಯಿ ಬಿಡತೊಡಗಿತು. ಇವರಿಗೆ ಫೋನ್ ಮಾಡಿದೆ. "ಮೀನು ಸತ್ರ ಸಾಯ್ಲಿ, ನೀ ಮೊದಲ ಹೋಗು" ಅಂದರು. ಹೂಂ ಅಂದೆ. ಹೋಗಲಿಲ್ಲ. ಅವ್ವ ಸಂಜೆಯ ಗಾಡಿಯ ತನಕ ಇರುತ್ತಾಳೆ, ಮೀನು ಇರುವುದಿಲ್ಲ ಅಂದುಕೊಂಡೆ. ನಾಲ್ಕು ತಾಸು ತಂಬಿಗೆಯಿಂದ ಅದೇ ನೀರನ್ನು ಎತ್ತಿ ಎತ್ತಿ ಹೊಯ್ದೆ, ಅದಕ್ಕೆ ಉಸಿರು ಸಿಗಲಿ ಅಂತ. ನಾಲ್ಕಕ್ಕೆ ಕರೆಂಟು ಬಂತು. ಅವ್ವ ಮೂರೂವರೆಗೇ ಹೋಗಿದ್ದಳು.

ಇವರಿಗೂ ಗಾಡಿ ತಪ್ಪಿ ಸ್ಟೇಶನ್ನಿನಲ್ಲೇ ಕೂತಿದ್ದೆ ಅಂತ ಹೇಳಿದ್ದೇನೆ. ಮನೆಗೆ ಬಂದವರಿಗೆಲ್ಲ, "ಗಟ್ಟಿ ಮೀನು, ತಾನಾಗೇ ಉಳೀತು" ಅಂತ ತೋರಿಸುತ್ತಾರೆ. ನಾನು ಚಹಾ ಕೊಟ್ಟು ಒಳಗೆ ಹೋಗುತ್ತೇನೆ.

ಇಷ್ಟು ಓದಿದ ಮೇಲೂ ಬಾ ಅನ್ನಲು ಮನಸ್ಸಾದರೆ ಮಾತ್ರ ಬಾ ಅನ್ನು.