ಗೊನೆ ಇಳಿಸದೆ ಎತ್ತಿದ ಮರ

ಬಿಳಿಗೆರೆ
ಬುಧವಾರ, 12-6-2024

ನಮ್ಮ ಜೀವಿತಾಳ ಅಪ್ಪನಿಗೆ, ಸೌಮ್ಯಳ ನಮಸ್ಕಾರ.

ನಿಮ್ಮ ಸೊಂಟದ ನೋವು ಹೇಗಿದೆ? ಮಂಗಳೂರಿನ ಮಳೆಯಲ್ಲಿ ನೆನೆದುಕೊಂಡೇ ಬಂದರಿನಲ್ಲಿ ನಿಂತು ಕ್ರೇನಿಗೆ ಕೈಸನ್ನೆ ಕೊಡುತ್ತಿರುತ್ತೀರಿ, ಗೊತ್ತು. ಒಣ ಬಟ್ಟೆ ಹಾಕಿಕೊಂಡು ಮಲಗಿ. ಜೀವಿತಾ ಚೆನ್ನಾಗಿದ್ದಾಳೆ. ಅತ್ತೆಯೂ ಚೆನ್ನಾಗಿದ್ದಾರೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಿ ಹೇಳಹೊರಟರೆ "ಹೋಗ್ಲಿ ಬುಡು, ಅಣ್ಣ ದೊಡ್ಡೋನು" ಅಂತ ಬಾಯಿ ಮುಚ್ಚಿಸುತ್ತೀರಿ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ನಿಮ್ಮಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ಬುಡ ಕೊಳೆತು ಮನೆಯ ಮೇಲೆ ವಾಲಿದ್ದ ಎರಡು ತೆಂಗಿನ ಮರಗಳಲ್ಲಿ ಒಂದನ್ನು ನಿಮ್ಮ ಅಣ್ಣ ಭಾನುವಾರ ತೆಗೆಸಿದರು. ತಿಪಟೂರಿನಿಂದ ಕ್ರೇನ್ ಬಂತು. ಡ್ರೈವರ್ ಭೀಮರಾಜು ಒಳ್ಳೆಯವನು, "ಮೊದ್ಲು ಗೊನೆ ಇಳ್ಸಿ, ಗರಿ ಕಡೀರಿ, ಆಮೇಲೆ ಬೆಲ್ಟ್ ಕಟ್ಟಾನ" ಅಂದ. ಭಾವ ಕೇಳಬೇಕಲ್ಲ. ಅಷ್ಟು ಎತ್ತರದಿಂದ ಗೊನೆ ಬಿದ್ದರೆ ಕಾಯಿ ಬಿರಿಯುತ್ತದಂತೆ, ಬಿರಿದ ಕಾಯಿ ಅಟ್ಟದಲ್ಲಿ ಕೊಬ್ಬರಿಯಾಗದೆ ಕೊಳೆಯುತ್ತದಂತೆ. "ಮರದ ಜೊತೇಲೇ ಮೆತ್ತಗೆ ಇಳೀಲಿ, ಕ್ರೇನ್ ತರ್ಸಿರೋದು ಯಾಕ್ಲಾ" ಅಂತ ಅವನನ್ನೇ ಗದರಿದರು. ಬೆಲ್ಟನ್ನಾದರೂ ಸುಳಿಯ ಹತ್ತಿರ ಕಟ್ಟಿಸಿದರೇ? ದಿಮ್ಮಿ ಎತ್ತುವ ಹಾಗೆ ನಟ್ಟನಡುವಿಗೆ ಕಟ್ಟಿಸಿದರು. ಭಾರ ಇರುವ ಜಾಗಕ್ಕಿಂತ ಮೇಲೆ ಕಟ್ಟಬೇಕು, ಇಲ್ಲದಿದ್ದರೆ ಹೊರೆ ಮಗುಚುತ್ತದೆ ಎಂದು ಮದುವೆಯಾದ ಹೊಸದರಲ್ಲಿ, ಹೆಂಡತಿಯ ಹತ್ತಿರ ಆಡಲು ಬೇರೆ ಮಾತೇ ಸಿಗದವರಂತೆ, ಸೌಟಿಗೆ ದಾರ ಕಟ್ಟಿ ತೋರಿಸಿದವರು ನೀವೇ ಅಲ್ಲವೇ? ಅದನ್ನೇ ಹೇಳಿದೆ. "ನೀನ್ ಒಳೀಕ್ಕೋಗಮ್ಮ, ಕಾಫಿ ಕಾಯ್ಸು" ಅಂದರು.

ಬುಡ ಕೊಯ್ದದ್ದೇ ತಡ, ಮರ ತಲೆಕೆಳಗಾಯಿತು. ಗರಿ, ಗೊನೆ ಸಮೇತ ತೂಗಾಡತೊಡಗಿತು. ಒಬ್ಬ ಎತ್ತು ಅನ್ನುತ್ತಾನೆ, ಇನ್ನೊಬ್ಬ ಇಳಿಸು ಅನ್ನುತ್ತಾನೆ, ಭಾವ ಸೂರಿನ ಪಕ್ಕದಿಂದ ಅಂಗಳಕ್ಕೆ ತಿರುಗಿಸು ಎಂದು ಕೈ ಬೀಸುತ್ತಾರೆ. ನಾನು ಓಡಿಹೋಗಿ ಎರಡೂ ಕೈ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದೆ. ಭೀಮರಾಜು ನಿಲ್ಲಿಸಿದ. ತೂಗುತ್ತಿದ್ದ ಮರದ ತಲೆ ಅಟ್ಟದ ಹೆಂಚು ಒಡೆದು ಕೂತಿತು. ನಾಲ್ಕು ಕಾಯಿ ಬಿರಿಯುತ್ತದೆಂದು ಹೆದರಿದವರಿಗೆ ಈಗ ಅಟ್ಟದ ತುಂಬ ಬಿರಿದ ಕಾಯಿ.

ತಪ್ಪೆಲ್ಲ ನನ್ನದಂತೆ. "ಇನ್ನೊಂದ್ ಚಣ ತಿರುಗ್ಸಿದ್ರೆ ಅಂಗಳಕ್ಕೆ ಇಳೀತಿತ್ತು, ಇವ್ಳು ಕೈ ಎತ್ತಿ ಕೆಡ್ಸುದ್ಲು" ಎಂದು ಭಾವ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವೂ ಹಿಂದುಮುಂದು ವಿಚಾರಿಸದೆ "ನಿಂಗ್ಯಾಕ್ ಬೇಕಿತ್ತು" ಅಂದಿರಿ. ಭಾವನ ಮಾತಿಗಿಂತ ನಿಮ್ಮ ಮಾತಿನಿಂದಲೇ ನನಗೆ ಹೆಚ್ಚು ನೋವಾಯಿತು. ಎರಡನೇ ಮರ ಅತ್ತೆ ಮಲಗುವ ಕೋಣೆಯ ಮೇಲೇ ವಾಲಿದೆ. ಇದೇ 23ರ ಭಾನುವಾರ ಅದನ್ನೂ ಗೊನೆ ಸಮೇತವೇ ಎತ್ತಿಸುತ್ತಾರಂತೆ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ಜೀವಿತಾ ಮುತ್ತು ಕೊಟ್ಟಿದ್ದಾಳೆ. ನನ್ನ ಹತ್ತಿರ ಸದ್ಯಕ್ಕೆ ಸಿಟ್ಟು ಮಾತ್ರ ಇದೆ, ಅದನ್ನೇ ಇಟ್ಟುಕೊಳ್ಳಿ.

ನಿಮ್ಮ
ಸೌಮ್ಯ

ವಿ.ಸೂ.: ಹೇಳಬೇಡವೆಂದು ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ, ದೊಡ್ಡ ಮಗ ಕೊರಗುತ್ತಾನೆಂದು. ಆದರೂ ಬರೆಯುತ್ತೇನೆ. ಆವತ್ತು ಉದುರಿದ ಕಾಯಿ ಆಯಲು ಅವರು ಸೂರಿನ ಕೆಳಗೆ ಬಂದು ಬಗ್ಗಿದ್ದರು. ಮರ ಅವರ ಕಡೆಗೇ ತಿರುಗುತ್ತಿತ್ತು. ಬೇರೆ ಯಾರೂ ನೋಡಲಿಲ್ಲ. ನಾನು ಕೈ ಎತ್ತಿದ್ದು ಅದಕ್ಕೆ. 22ರ ಶನಿವಾರವೇ ಹೊರಟು ಬನ್ನಿ, ಬೆಲ್ಟ್ ನೀವೇ ಕಟ್ಟಿ.