ಗೋಡೆ ಮಗ್ಗುಲ ಎಲೆ

ನಂಜಪ್ಪ ಮಾವನಿಗೆ, ನಿನ್ನ ಅಕ್ಕನ ಮಗ ಮಾದೇವ ಬರೆಯುವುದು.

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕಾಗದ ಶುರು ಮಾಡಬೇಕೆಂದು ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಕಲಿಸಿದ್ದರು. ನಿನಗೆ ಬರೆಯುವಾಗ ಅದರಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಆ ಅರ್ಧವೂ ಪೂರ್ತಿ ನಿಜವಲ್ಲ. ದಣಿದಿದ್ದೇನೆ ಮಾವ. ಮೂರು ದಿನದಿಂದ ಬಾಯಿ ಕಹಿ, ನೀರು ಕುಡಿದರೂ ಕಹಿ. ಮೊನ್ನೆ ಸೋಮವಾರ ಚುಟ್ಟದ ಅಂಗಡಿಯ ಕೆಲಸ ಬಿಟ್ಟೆ. ಬಿಡುವವನಿಗೆ ಸೇದಿಸಿ ಮಾಲು ಹೇಗಿದೆ ಎಂದು ಕೇಳುವ ಐದು ಚುಟ್ಟಗಳನ್ನು ನನಗೂ ಸೇದಿಸಿದರು. ಅದರಲ್ಲಿ ನಾಲ್ಕನೆಯದರ ವಿಷಯ ನಿನಗೆ ತಿಳಿಯಬೇಕು. ನೀನು ಬದುಕಿದ್ದಾಗ ಹೇಳಬೇಕಾಗಿದ್ದ ಮಾತು ಅದು. ಆಗ ನಾನು ಒಂದು ಸುಳ್ಳು ಹೇಳಿ ಸುಮ್ಮನಾಗಿಬಿಟ್ಟೆ.

ನೀನು ನನ್ನನ್ನು ಮೊದಲ ಸಲ ಚನ್ನಪಟ್ಟಣದ ಸ್ಟೇಷನ್ ರಸ್ತೆಯ ಅಂಗಡಿಗೆ ಕರೆದುಕೊಂಡು ಹೋದ ದಿನ, ಬಾಗಿಲ ಪಕ್ಕದ ನಿನ್ನ ಹಲಗೆಯ ಮೇಲೆ ಕೂರಿಸಿ, ಕಣ್ಣು ಮುಚ್ಚು ಅಂದೆ. ಮೂಗಿನ ಮುಂದೆ ಎರಡು ಎಲೆ ಹಿಡಿದೆ. "ಯಾವ್ದು ಕನಕಪುರದ್ದು, ಯಾವ್ದು ಮಾಗಡಿದು ಹೇಳ್ಲಾ" ಅಂದೆ. ನನಗೆ ಎರಡೂ ಒಂದೇ ಥರ ಇತ್ತು. ಕೆಂಚ, ಆಗ ಚುಟ್ಟ ಸುತ್ತುವವರಲ್ಲೆಲ್ಲ ಚುರುಕು ಕೈಯವನು, "ನಂಜಣ್ಣ, ಹುಡ್ಗಂಗೆ ಮೂಗೇ ಮೊಳ್ತಿಲ್ಲ, ಒಸಿ ದಿನ ನೀರ್ ಹಾಕು" ಅಂದ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಗೊತ್ತಿದ್ದರೆ ಗೊತ್ತು ಅನ್ನು, ಸೇದಿ ನೋಡುವವನ ಕೆಲಸ ಇಷ್ಟೇ ಅಂದೆ. ಎಷ್ಟು ಸುಲಭದ ಮಾತು ಅಂದುಕೊಂಡಿದ್ದೆ ಆಗ.

ಹುಳದ ಮನೆಯ ಹೊರಗೆ, ಜಗಲಿಯ ತುದಿಯಲ್ಲಿ, ನೀನು ಒಬ್ಬನೇ ಕೂತು ಉಣ್ಣುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರೇಷ್ಮೆ ಹುಳಕ್ಕೆ ಹೊಗೆಸೊಪ್ಪಿನ ಕೈ ತಾಗಿದರೆ ಸಾಕು, ವಾಂತಿ ಮಾಡಿಕೊಂಡು ತಟ್ಟೆಗೆ ತಟ್ಟೆಯೇ ಸಾಯುತ್ತದೆ. ಅದಕ್ಕೇ ಅತ್ತೆ ಹುಳ ಸಾಕುವಷ್ಟು ದಿನ ನಿನಗೆ ನಿನ್ನ ಮನೆಯೊಳಗೇ ಪ್ರವೇಶ ಇರಲಿಲ್ಲ. ವರ್ಷಕ್ಕೆ ನಾಲ್ಕೈದು ಬೆಳೆ ಅಂದರೆ ವರ್ಷದಲ್ಲಿ ಅರ್ಧ ಜಗಲಿಯ ಬಾಳು. ಅತ್ತೆ ಹೊಸಿಲ ಒಳಗಿಂದಲೇ ಮುದ್ದೆಯ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದಳು. "ನಾನ್ ಮದ್ವೆ ಆಗಿದ್ದು ಇವ್ಳನ್ನ, ಆದ್ರೆ ಇವ್ಳ ಸಂಸಾರ ಹುಳದ್ ಜೊತೆ" ಅಂತ ನೀನು ನನಗೆ ಹೇಳಿ ಕಣ್ಣು ಮಿಟುಕಿಸುತ್ತಿದ್ದೆ. ಒಳಗಿಂದ ಅತ್ತೆ, "ಹುಳ ಎದುರು ಮಾತಾಡಾಕಿಲ್ಲ" ಅನ್ನುತ್ತಿದ್ದಳು.

ಹೋದ ವರ್ಷ ಆ ಮಳೆಗಾಲದ ಬೆಳಗ್ಗೆ ನೀನು ಚುಟ್ಟ ಹೊತ್ತಿಸಿ ಎರಡು ದಮ್ಮು ಎಳೆದು ಕೆಳಗಿಟ್ಟೆಯಲ್ಲ, ಅಲ್ಲಿಂದ ಶುರು. ಬೆಂಗಳೂರು ದಂಡಿಗೆ, ದೊರೆಗಳು ಸೇದಲು, ಹೋಗಬೇಕಾದ ಮಾಲು. ತಿರುಚಿನಾಪಳ್ಳಿ ಸುರುಟಿನ ಮಾದರಿಯಲ್ಲಿ ಹನ್ನೆರಡು ದಿನ ಕೂತು ಸುತ್ತಿದ್ದು. "ಅರಗಿನ ವಾಸ್ನೆ ಐತೆ ಸಾವ್ಕಾರ್ರೆ. ಎಲೆಗೆ ಹತ್ಕಂಡೈತೆ" ಅಂದೆ. ಕೆಂಚ ಜೋರಾಗಿ ನಕ್ಕ. "ಚನ್ನಪಟ್ಟಣದಾಗೆ ಅರಗಿನ ವಾಸ್ನೆ ಇಲ್ದಿರೋ ಜಾಗ ಯಾವ್ದೈತೆ ನಂಜಣ್ಣ? ಬೀದಿ ತುಂಬ ಬೊಂಬೆ ಕಡೆಯೋರೇ. ನಡ್ಕಂಡ್ ಬರ್ತಾ ನಿನ್ ಮೂಗಿಗೆ ಹತ್ಕಂಡಿರ್ತದೆ." ಅಂಗಡಿಯ ಸಾಹುಕಾರರು ಎಲೆ ಮೂಸಿದರು. ಹಗಲಿಡೀ ನಶ್ಯ ಏರಿಸುವ ಅವರ ಮೂಗಿಗೆ ಏನು ತಿಳಿಯಬೇಕು? ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಚುಟ್ಟವನ್ನು ನನ್ನ ಕೈಗೆ ಕೊಟ್ಟರು. "ಮಾದೇವ, ನೀನು ನೋಡಪ್ಪ" ಅಂದರು.

ನಾನು ಸೇದಿದೆ. ಇತ್ತು ಮಾವ. ಹೊಗೆ ಬಿಟ್ಟ ಮೇಲೆ ನಾಲಿಗೆಯ ಬುಡದಲ್ಲಿ, ಬೊಂಬೆಗೆ ಬಣ್ಣ ಹತ್ತಿಸುವಾಗ ಅರಗು ಕರಗಿ ಬರುತ್ತದಲ್ಲ, ಅದೇ ವಾಸನೆ. ಇದೆ ಅಂದರೆ ಹನ್ನೆರಡು ದಿನದ ಕೆಲಸ ಬಿಚ್ಚಬೇಕು. ಸುತ್ತುವವರು ಎಂಟು ಜನ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಯಾರಾದರೂ ನೋಡಿದರೆ ನನಗೆ ಬಾಯಿ ಕಟ್ಟುವುದು ನಿನಗೆ ಗೊತ್ತೇ ಇದೆ. ನೆಲ ನೋಡಿಕೊಂಡು, "ನಂಗೇನೂ ಗೊತ್ತಾಗ್ಲಿಲ್ಲ" ಅಂದೆ.

ನೀನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬಹುಶಃ ನಾನು... ನೀನು ಆ ಚುಟ್ಟವನ್ನು ಮತ್ತೆ ತೆಗೆದುಕೊಂಡು ಇನ್ನೊಂದು ದಮ್ಮು ಎಳೆದೆ. ಆಗ ನಿನ್ನ ಮುಖದಲ್ಲಿ ಮೊದಲ ಸಲ ಅನುಮಾನ ಕಂಡೆ. ನನ್ನ ಮೇಲಲ್ಲ, ನಿನ್ನ ನಾಲಿಗೆಯ ಮೇಲೆ.

ಮಾಲು ದಂಡಿಗೆ ಹೋಯಿತು, ಯಾರೂ ವಾಪಸ್ಸು ಕಳಿಸಲಿಲ್ಲ. ಅದೇ ಮಳೆಗಾಲದಲ್ಲಿ ಇನ್ನೆರಡು ಸಲ ನೀನು ಬೇಡ ಅಂದೆ. ಎರಡು ಸಲವೂ ನನ್ನನ್ನು ಕೇಳಿದರು, ಎರಡು ಸಲವೂ ನಾನು ಅದೇ ಮಾತು ಹೇಳಿದೆ. ಒಂದು ಸಲ ಹೇಳಿದ ಮೇಲೆ ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ. ಇದನ್ನು ಬರೆಯಲು ಮಾತ್ರ ಕಷ್ಟವಾಗುತ್ತಿದೆ. ಸಾಹುಕಾರರು ಕೆಟ್ಟವರಲ್ಲ, ನಿನ್ನನ್ನು ಮೆಲ್ಲಗೇ ಮನೆಗೆ ಕಳಿಸಿದರು. ವಯಸ್ಸಾಯಿತು ನಂಜಪ್ಪ, ನಾಲಿಗೆ ದಣಿದಿದೆ, ಸುಧಾರಿಸಿಕೊ ಅಂದರು. ನಿನ್ನ ಹಲಗೆಯ ಮೇಲೆ ನನ್ನನ್ನು ಕೂರಿಸಿದರು. ಬಿಟ್ಟು ಹೋಗುವವನಿಗೆ ಕೊಡುವ ಐದು ಚುಟ್ಟ ನಿನಗೆ ಕೊಡಲಿಲ್ಲ. ನಾಲಿಗೆ ಹೋದವನನ್ನು ಏನು ಕೇಳುವುದು ಅಂತಲೋ, ಮರೆತರೋ. ನೀನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದೆ.

ಅದಾದ ಮೇಲೆ ಮನೆಗೆ ಬಂದಾಗಲೆಲ್ಲ ನೀನು ಹುಳದ ಮನೆಯ ಒಳಗಿರುತ್ತಿದ್ದೆ. ಒಂದು ತಿಂಗಳು ಹೊಗೆಸೊಪ್ಪು ಮುಟ್ಟದೆ, ಸೀಗೆಪುಡಿಯಲ್ಲಿ ಮಿಂದು, ಬಟ್ಟೆಯನ್ನೆಲ್ಲ ಬೂದಿನೀರಿನಲ್ಲಿ ಒಗೆದು, ಕೊನೆಗೂ ಒಳಗೆ ಸೇರಿದ್ದೆ. ಈಗ ಜಗಲಿಯಲ್ಲಿ ಕೂರುವ ಸರದಿ ನನ್ನದು. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ನೀನು ಒಳಗಿಂದ ಮಾತಾಡುತ್ತಿದ್ದೆ. ಅಂಗಡಿಯ ವಿಷಯ ಒಂದು ದಿನವೂ ಕೇಳಲಿಲ್ಲ. ನಿನಗೆ ನಿಜ ಹೇಳಬೇಕು ಅಂತಲೇ ಎರಡು ಸಲ ಬಂದೆ. ಎರಡು ಸಲವೂ ಅತ್ತೆ ಅಲ್ಲೇ ಇದ್ದಳು. ಅದು ನೆಪ ಅಂತ ಈಗ ಅನ್ನಿಸುತ್ತದೆ.

ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ, ನೀನು ಹೊಸಿಲ ಒಳಗೆ, ಊಟಕ್ಕೆ ಕೂತಿದ್ದೆವು. ಸೊಪ್ಪಿನ ಸಾರು. ನೀನು ಒಂದು ತುತ್ತು ನುಂಗಿ, ಅತ್ತೆಗೆ ಕೇಳಿಸದ ಹಾಗೆ ನನ್ನನ್ನು ಕೇಳಿದೆ. "ಉಪ್ಪು ಕಮ್ಮಿ ಆಗೈತಾ ಮಾದೇವ, ಇಲ್ಲಾ ನಂಗೇ ಹಂಗನ್ನಿಸ್ತದಾ?" ಎರಡು ತಾಲ್ಲೂಕಿನ ಎಲೆಯನ್ನು ಕಣ್ಣು ಮುಚ್ಚಿ ಹೇಳುತ್ತಿದ್ದವನು ಉಪ್ಪನ್ನು ನನ್ನ ಹತ್ತಿರ ಕೇಳುತ್ತಿದ್ದೆ. ಬೆಳಗ್ಗಿನಿಂದ ಚುಟ್ಟ ಸೇದಿದ ನನ್ನ ಬಾಯಿಗೆ ಯಾವ ರುಚಿಯೂ ಇರಲಿಲ್ಲ. "ಗೊತ್ತಾಗ್ಲಿಲ್ಲ ಮಾವ" ಅಂದೆ. ಆ ಒಂದು ಸಲ ಮಾತ್ರ ಅದು ನಿಜವಾಗಿತ್ತು. ಆದರೆ ನಿನಗೆ ಅದು ಹೇಗೆ ಕೇಳಿಸಿತೋ. ನೀನು ತಲೆಯಾಡಿಸಿ ಊಟ ಮುಂದುವರಿಸಿದೆ. ಆ ಚಳಿಗಾಲ ಕಳೆಯುವ ಮೊದಲೇ ಕೆಮ್ಮಿ ಕೆಮ್ಮಿ ಹೋಗಿಬಿಟ್ಟೆ.

ಸೋಮವಾರ ಸಾಹುಕಾರರು ಐದು ಚುಟ್ಟಗಳನ್ನು ಬಾಳೆಯೆಲೆಯ ಮೇಲೆ ಸಾಲಾಗಿ ಇಟ್ಟು ನನ್ನ ಮುಂದೆ ಕೂತರು. ಕೆಲಸದಲ್ಲಿ ಇರುವವನು ಮಾಲನ್ನು ಬೈಯಲು ಅಂಜಬಹುದು, ಬಿಟ್ಟು ಹೋಗುವವನು ಬೈಯಬಹುದು, ಅವನ ಮಾತಿಗೆ ಯಾರೂ ಕೋಪಿಸಿಕೊಳ್ಳಬಾರದು ಅನ್ನುವುದು ಅವರ ಅಪ್ಪನ ಕಾಲದ ಪದ್ಧತಿ ತಾನೇ. ಎಲ್ಲರೂ ಕೈ ನಿಲ್ಲಿಸಿದ್ದರು. ಮತ್ತೆ ಅದೇ ಎಂಟು ಮುಖ. "ಲೇ ಮಾದೇವ, ಇವತ್ತಾದ್ರೂ ಒಸಿ ಬಾಯ್ಬುಡ್ಲಾ, ಬರೀ ಹೊಗೆ ಬುಡಾಕೆ ಮಾತ್ರ ತೆಗೀಬ್ಯಾಡ" ಅಂದ ಕೆಂಚ.

ಮೊದಲನೆಯದು ಸ್ಟೇಷನ್ನಿನಲ್ಲಿ ಮಾರುವ ಸಣ್ಣ ಚುಟ್ಟ. ಬೆಲ್ಲದ ನೀರು ಜಾಸ್ತಿ, ತುಟಿಗೆ ಅಂಟುತ್ತದೆ ಅಂದೆ. ಎರಡನೆಯದು ಕನಕಪುರದ ಕಪ್ಪು ಎಲೆಯದು. ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ನೀನು ಹಬ್ಬದ ದಿನ ಜಗಲಿಯಲ್ಲಿ ಕೂತು ಕಬ್ಬಾಳು ಬೆಟ್ಟ ನೋಡುತ್ತಾ ಸೇದುತ್ತಿದ್ದದ್ದು ಅದೇ. ಅದನ್ನೊಂದೇ ಸ್ವಲ್ಪ ಹೊತ್ತು ಹೆಚ್ಚಾಗಿ ಸೇದಿದೆ. ಮೂರನೆಯದನ್ನು ಕೆಂಚನೇ ಸುತ್ತಿದ್ದ. ಬಿಗಿ ಸುತ್ತಿದ್ದಾನೆ, ಎಳೆದು ಎಳೆದು ಕೆನ್ನೆ ನೋಯುತ್ತದೆ ಅಂದಾಗ ಅವನು, "ಹೆಣ್ ಹುಡುಕೋ ವಯಸ್ನಾಗೆ ಕೆನ್ನೆ ನೋವ್ ಅಂತಾನಲ್ಲಪ್ಪೋ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ಹೊತ್ತಿಗೆ ತಲೆ ತಿರುಗುತ್ತಿತ್ತು, ನಾಲಿಗೆ ಚರ್ಮದ ತುಂಡಿನ ಹಾಗಾಗಿತ್ತು. ಇನ್ನೆರಡು ಮುಗಿಸಿ ಎದ್ದು ಹೋಗೋಣ, ಹೇಗೂ ಬಿಟ್ಟೆನಲ್ಲ, ನನಗೇಕೆ ಅನ್ನುವಷ್ಟು ಸಾಕಾಗಿತ್ತು.

ನಾಲ್ಕನೆಯದು ದಂಡಿಗೆ ಹೋಗುವ ಮಾಲು. ಈ ವರ್ಷದ ಮಳೆಗಾಲದ್ದು. ಒಂದು ದಮ್ಮು ಎಳೆದು ಬಿಟ್ಟೆ. ನಾಲಿಗೆಯ ಬುಡದಲ್ಲಿ ಅದೇ ಅರಗು, ಅಷ್ಟು ದಣಿದ ನಾಲಿಗೆಗೂ ಸಿಕ್ಕಿತು.

ಕಣ್ಣು ಮುಚ್ಚಿಕೊಂಡೆ ಮಾವ. ನೀನು ಮೊದಲ ದಿನ ಮುಚ್ಚು ಅಂದ ಹಾಗೆ. ಮುಚ್ಚಿದರೆ ಯಾರ ಮುಖವೂ ಕಾಣುವುದಿಲ್ಲ, ಇದು ನನಗೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲ? "ಇದ್ರಲ್ಲಿ ಅರಗೈತೆ" ಅಂದೆ. "ಆಗ್ಲೂ ಇತ್ತು. ಮೂರ್ ಸಲಾನೂ ಇತ್ತು. ನಂಗೆ ಗೊತ್ತಾಗಿತ್ತು. ಮಾವ ಹೇಳಿದ್ದು ನಿಜ, ನಾನ್ ಹೇಳಿದ್ದು ಸುಳ್ಳು."

ಕಣ್ಣು ತೆರೆದಾಗ ಸಾಹುಕಾರರು ನಶ್ಯದ ಡಬ್ಬಿಯನ್ನು ಕೈಯಲ್ಲಿ ಹಿಡಿದು, ತೆರೆಯದೆ ಕೂತಿದ್ದರು. "ಈ ಎಲೆ ಎಲ್ಲಿ ತೂಗಾಕಿದ್ದು?" ಅಂತ ಕೇಳಿದರು. ಕೆಂಚ ಹಿಂದಿನ ಗೋಡೆ ತೋರಿಸಿದ. ಈಗ ಅವನೂ ನಗುತ್ತಿರಲಿಲ್ಲ. ಆ ಗೋಡೆಗೆ ಒರಗಿಸಿದ್ದ ಗೋಣಿ ಮೂಟೆಗಳನ್ನು ನಾವು ಯಾರೂ ವರ್ಷಗಳಿಂದ ಅಲುಗಿಸಿರಲಿಲ್ಲ. ಒಂದೊಂದಾಗಿ ಎಳೆದೆವು. ಹಿಂದೆ ಒಂದು ಹಳೆಯ ಕಿಟಕಿ. ಹಲಗೆ ಬಡಿದು ಮುಚ್ಚಿದ್ದದ್ದು ಒಣಗಿ ಬಿರಿದು, ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಆಚೆ ಕೋಣೆ ಮೊದಲು ಅಕ್ಕಿಯ ಉಗ್ರಾಣವಾಗಿತ್ತು. ನೀನು ಮೊದಲು ಅರಗು ಅಂದೆಯಲ್ಲ, ಅದೇ ವರ್ಷ ಬೊಂಬೆ ಕಡೆಯುವ ಬಾಷಾ ಸಾಬರು ಅಲ್ಲಿ ಮರ ತಿರುಗಿಸುವ ಚರಕಿ ಹೂಡಿದ್ದರು. ಗೋಣಿಗಳ ಬೆನ್ನಿಗೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು ಅರಗಿನ ಪುಡಿ. ಮಳೆಗಾಲದಲ್ಲಿ ಎಲೆ ಮೆತ್ತಗಾದಾಗ ಯಾವ ವಾಸನೆ ಬಂದರೂ ಕುಡಿದುಬಿಡುತ್ತದೆ ಅಂತ ಹೇಳಿಕೊಟ್ಟವನು ನೀನೇ. ಕುಡಿದಿತ್ತು.

"ಆಗ್ಲೇ ಯಾಕಪ್ಪ ಹೇಳ್ಲಿಲ್ಲ?" ಅಂದರು ಸಾಹುಕಾರರು. ಸಿಟ್ಟಿನಲ್ಲಿ ಕೇಳಲಿಲ್ಲ. ಎಲ್ಲರೂ ನೋಡ್ತಿದ್ರು ಅಂದೆ. ಐದನೆಯ ಚುಟ್ಟವನ್ನು ನಾನು ಸೇದಲಿಲ್ಲ, ಅವರೂ ಸೇದು ಅನ್ನಲಿಲ್ಲ.

ಮಾರನೇ ಬೆಳಗ್ಗೆ ಸಾಹುಕಾರರು ಗಾಡಿ ಕಟ್ಟಿಸಿಕೊಂಡು ನಿನ್ನ ಮನೆಗೆ ಬಂದರು. ನನ್ನನ್ನೂ ಕೂರಿಸಿಕೊಂಡು ಬಂದರು. ಬಾಗಿಲಲ್ಲೇ ಕೂತು ಸೊಪ್ಪು ಹೆಚ್ಚುತ್ತಿದ್ದ ಅತ್ತೆ ಒಂದು ಕೈ ಅಡ್ಡ ಹಿಡಿದಳು. "ಅಲ್ಲೇ ನಿಂತ್ಕಳಿ ಸಾವ್ಕಾರ್ರೆ, ಹುಳ ನಾಕ್ನೇ ಜ್ವರ ಎದ್ದವೆ." ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳ ಎಷ್ಟು ಸೂಕ್ಷ್ಮ ಅಂತ ಅವರಿಗೂ ಗೊತ್ತು, ನೀನು ಕೂರುತ್ತಿದ್ದ ಜಗಲಿಯಲ್ಲಿ ಪೇಟ ತೆಗೆದು ನಿಂತರು. "ನಿನ್ ಯಜಮಾನನ ನಾಲ್ಗೆ ಕೆಟ್ಟಿರ್ಲಿಲ್ಲಮ್ಮ. ತಪ್ಪು ನಮ್ದು" ಅಂದರು. ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ. ಅತ್ತೆ ಮತ್ತೆ ಸೊಪ್ಪು ಹೆಚ್ಚತೊಡಗಿದಳು.

"ನಂಗ್ಯಾಕ್ ಹೇಳ್ತೀರಿ? ಅವ್ರಿಗೆ ಹೇಳ್ಬೇಕಿತ್ತು" ಅಂದಳು.

ಅದಕ್ಕೇ ಈ ಕಾಗದ.

ಸಾಹುಕಾರರು ಕಿಟಕಿಗೆ ಇಟ್ಟಿಗೆ ಕಟ್ಟಿಸುತ್ತಿದ್ದಾರೆ. ನಿನ್ನ ಹಲಗೆಯ ಮೇಲೆ ಸದ್ಯಕ್ಕೆ ಯಾರೂ ಕೂತಿಲ್ಲ. ನಾನು ನಿನ್ನ ಮನೆಯ ಎದುರಿನ ಹೊಂಗೆ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಅತ್ತೆಗೆ ಒಬ್ಬಳಿಗೇ ಹುಳ ನೋಡಿಕೊಳ್ಳಲು ಆಗುತ್ತಿಲ್ಲ, ನನಗೂ ಹೊಗೆ ಸಾಕಾಗಿದೆ. ಅದಕ್ಕೇ ಕೆಲಸ ಬಿಟ್ಟದ್ದು. ಎಲ್ಲ ಕೇಳಿದ ಮೇಲೆ ಇನ್ನು ನನ್ನನ್ನು ಸೇರಿಸಲಾರಳು ಅಂದುಕೊಂಡಿದ್ದೆ. ಅವಳು ಒಂದು ಗಂಟು ಸೀಗೆಪುಡಿ ಹೊರಗಿಟ್ಟು, "ತಿಂಗ್ಳು ಕಳೀಲಿ" ಅಂದಳು. ಅಲ್ಲಿಯವರೆಗೆ ಜಗಲಿ. ಒಳಗೆ ಹೋದ ಮೇಲೆ ಒಂದು ತಟ್ಟೆ ಹುಳವನ್ನೂ ಕೆಡಿಸುವುದಿಲ್ಲ. ಕೆಡಿಸಿದರೂ, ಕೆಡಿಸಿದವನು ನಾನು ಅಂತ ಅದೇ ದಿನ ಹೇಳುತ್ತೇನೆ. ನಿನಗೆ ಕೊಡಬಹುದಾದ ಮಾತು ಇದೊಂದೇ.

ಇನ್ನೊಂದು ವಿಷಯ. ನಿನ್ನೆ ಅತ್ತೆ ತಟ್ಟೆ ಮುಂದಕ್ಕೆ ತಳ್ಳುತ್ತಾ ತಾನಾಗಿಯೇ ಬಾಯಿ ಬಿಟ್ಟಳು. ಸೊಪ್ಪಿನ ಸಾರು ಮಾಡಿದ ಆ ದಿನ ಹುಳ ಹಣ್ಣಾಗಿದ್ದವಂತೆ, ಗೂಡು ಕಟ್ಟಲು ಬಿಡುವ ಗಡಿಬಿಡಿಯಂತೆ. ನಾವಿಬ್ಬರೂ ಎದ್ದ ಮೇಲೆ ತಾನು ಉಣ್ಣಲು ಕೂತಾಗ ತಿಳಿಯಿತಂತೆ. ನೀನು ಏನೂ ಅನ್ನದೆ ಉಂಡೆಯಲ್ಲ, ಹೇಳುವುದೇನು ಅಂತ ಸುಮ್ಮನಾದಳಂತೆ.

ಉಪ್ಪು ಕಡಿಮೆಯೇ ಇತ್ತು ಮಾವ.

ನಿನ್ನ
ಮಾದೇವ