ಶತ್ರುವೇ ಇಲ್ಲದ ನನ್ನ ತಂಗಿಗೆ ಒಂದು ರಿವಾಲ್ವರ್

ಆಯುಧಗಳಿಗೆ ಪರವಾನಗಿ ಕೊಡುವ ಮಾನ್ಯರೇ,

ನನ್ನ ತಂಗಿ ರೇವಮ್ಮನಿಗೆ ಈ ಭೂಮಿಯ ಮೇಲೆ ಒಬ್ಬ ಶತ್ರುವೂ ಇಲ್ಲವೆಂದು ತಮ್ಮ ಕಛೇರಿ ತೀರ್ಮಾನಿಸಿ, ಆತ್ಮರಕ್ಷಣೆಗಾಗಿ ಅವಳು ಕೇಳಿದ್ದ ರಿವಾಲ್ವರಿನ ಪರವಾನಗಿಯನ್ನು ನಿರಾಕರಿಸಿದೆ. ಮೊದಲಿಗೆ ಇಡೀ ಕುಟುಂಬದ ಪರವಾಗಿ ಕೃತಜ್ಞತೆಗಳು. ಒಡಹುಟ್ಟಿದ ಅಣ್ಣನಾದ ನನಗೇ ಈ ಸಂಗತಿ ಗೊತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ದಾಯಾದಿಗಳ ಜೊತೆ ಬದುವಿಗಾಗಿ, ಡೇರಿಯವರ ಜೊತೆ ಹಾಲಿನ ಅಳತೆಗಾಗಿ, ನನ್ನ ಹೆಂಡತಿಯ ಜೊತೆ ಉಪ್ಪಿನಕಾಯಿಗಾಗಿ ಜಗಳ ಆಡಿಕೊಂಡೇ ಬಂದ ಐವತ್ತು ದಾಟಿದ ಹೆಂಗಸು, ಯಾರಿಗೂ ಹೇಳದೆ ಕೇಳದೆ ಅಜಾತಶತ್ರುವಾಗಿಬಿಟ್ಟಿರುವುದು ಸಾಮಾನ್ಯ ವಿಷಯವೇ? ತಮಗೆ ಬರೆದ ಹಿಂದಿನ ಪತ್ರಗಳಿಗೆಲ್ಲ ಸ್ವೀಕೃತಿಯ ಮೊಹರು ಬಿಟ್ಟರೆ ಬೇರೇನೂ ಬರಲಿಲ್ಲವಾದ್ದರಿಂದ ಇದನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನಾನು ಹೊಂಗನೂರಿನವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಆಮೇಲೆ ನೆಂಟರಿಷ್ಟರಿಗೆ ಕಾಗದ ಬರೆದು ಬರೆದೇ ಅಕ್ಷರ ತಿದ್ದಿಕೊಂಡವನು. ಆದ್ದರಿಂದ ನಡುವೆ ಎಲ್ಲಾದರೂ ಬಾಯಿತಪ್ಪಿ ತಮ್ಮನ್ನು ‘ಊಟ ಆಯಿತೇ’ ಎಂದು ಕೇಳಿಬಿಟ್ಟರೆ ಮನ್ನಿಸಬೇಕು.

ವಿಷಯ ತಮ್ಮ ಕಡತದಲ್ಲಿದೆ. ಆದರೆ ಪತ್ರಿಕೆ ಓದುವವರಿಗೆ ಗೊತ್ತಿಲ್ಲವಲ್ಲ. ರೇವಮ್ಮನನ್ನು ಕೊಟ್ಟಿದ್ದು ಕೋಡಿಹಳ್ಳಿ ಕಡೆಯ ಒಂದು ಹಳ್ಳಿಗೆ. ಅವಳ ತೋಟದ ಮನೆಯ ಪಕ್ಕದ ಗೋಮಾಳದಲ್ಲಿ ಬೋರಲಿಂಗಯ್ಯ ಎಂಬ ಕಂಟ್ರಾಕ್ಟರು ಕಲ್ಲು ಕ್ವಾರಿ ನಡೆಸುತ್ತಾನೆ. ಬಂಡೆಗೆ ಮದ್ದು ಇಟ್ಟು ಸಿಡಿಸುವ ಮುನ್ನ ಸಿಳ್ಳೆ ಊದಿ ಎಲ್ಲರನ್ನೂ ದೂರ ಕಳಿಸಬೇಕು. ಹೋದ ವರ್ಷ ಒಂದು ಮಧ್ಯಾಹ್ನ ಸಿಳ್ಳೆ ಊದಲಿಲ್ಲ. ದಾಸಪ್ಪ ಎಂಬ ಕೂಲಿಯವನು ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಸಿಡಿದ ಕಲ್ಲು ತಲೆಗೆ ಬಡಿದು ಅಲ್ಲೇ ಸತ್ತ. ಹುಲ್ಲು ಕೊಯ್ಯುತ್ತಿದ್ದ ರೇವಮ್ಮ ಅದನ್ನು ಕಣ್ಣಾರೆ ಕಂಡಳು. ಕಂಟ್ರಾಕ್ಟರು, ದಾಸಪ್ಪ ಕುಡಿದು ಲಾರಿಯಿಂದ ಬಿದ್ದನೆಂದು ಬರೆಸಿದ. ಕೂಲಿಯವರೆಲ್ಲ ಲಾರಿಯನ್ನೇ ಕಂಡರು. ಕಲ್ಲನ್ನು ಕಂಡವಳು ರೇವಮ್ಮ ಒಬ್ಬಳೇ. ಕಂಡದ್ದನ್ನು ಕಂಡ ಹಾಗೆ ಹೇಳಿ ಹೆಬ್ಬೆಟ್ಟು ಒತ್ತಿದಳು. ಕೇಸು ಈಗ ಕನಕಪುರದ ಕೋರ್ಟಿನಲ್ಲಿದೆ.

ಅದಾದ ಮೇಲೆ ಡೇರಿಯ ಮುಂದೆ ಬೋರಲಿಂಗಯ್ಯ ಅವಳನ್ನು ನಿಲ್ಲಿಸಿ, ನಗುನಗುತ್ತಲೇ ಹೇಳಿದನಂತೆ: “ಅಕ್ಕೋ, ಕಲ್ಲು ಸಿಡುದ್ರೆ ಎತ್ಲಾಗ್ ಬೀಳ್ತದೆ ಅಂತ ಯಾರ್ಗ್ ಗೊತ್ತು? ಒಸಿ ನೋಡ್ಕಂಡ್ ಓಡಾಡು.” ವಾರ ಕಳೆಯುವುದರೊಳಗೆ ಅವಳ ಕೊಟ್ಟಿಗೆಯ ಹೆಂಚು ಒಡೆದುಕೊಂಡು ಒಂದು ಕಲ್ಲು ಬಂತು. ಅಂದು ಕ್ವಾರಿಗೆ ರಜೆ! ಠಾಣೆಗೆ ಹೋದೆವು. ಅಲ್ಲಿದ್ದವರು ಬಹಳ ಸಾವಧಾನದಿಂದ ಕೇಳಿಸಿಕೊಂಡು, “ನೋಡ್ಕೊಂಡು ಓಡಾಡು ಅನ್ನೋದು ಬೆದರಿಕೆ ಹೆಂಗಾಯ್ತದೆ ಯಜಮಾನ್ರೆ? ನಮ್ಮವ್ವನೂ ನಂಗೆ ದಿನಾ ಅಂಗೇ ಯೋಳ್ತಾಳೆ” ಅಂದರು. ಎಂಥ ಪುಣ್ಯವಂತ ತಾಯಿ! ಆದರೆ ಆಕೆ ಹೇಳಿದ ವಾರಕ್ಕೇ ಇವರ ಮನೆಯ ಹೆಂಚು ಒಡೆಯುವುದಿಲ್ಲವಲ್ಲ. ಆ ದಿನವೇ ರೇವಮ್ಮ ಬಸ್ಸಿನಲ್ಲಿ, “ಅಣ್ಣ, ಇವ್ರು ಬರಾಕಿಲ್ಲ. ನಂಗೊಂದು ಪಿಸ್ತೂಲಿ ಕೊಡ್ಸು” ಎಂದಳು. ಸೀರೆ ಕೇಳಿದಷ್ಟೇ ಸಲೀಸಾಗಿ.

ಕೇಳುವುದು ಸುಲಭ, ಆಯ್ಕೆ ಮಾಡುವುದು ಕಷ್ಟ. ಅದರಲ್ಲೂ ತಮ್ಮ ಅರ್ಜಿಯಲ್ಲಿ, ಬೇಕಾದ ಆಯುಧ ಯಾವ ಬಗೆಯದು ಎಂದು ಮೊದಲೇ ಬರೆಯಬೇಕು. ಬರೆಯಬೇಕಾದರೆ ಹಿಡಿದು ನೋಡಬೇಕು. ಹಿಡಿದು ನೋಡಬೇಕಾದರೆ ಪರವಾನಗಿ ಬೇಕು. ಮದುವೆಯಾದ ಮೇಲೆ ಹೆಣ್ಣು ತೋರಿಸುವ ಈ ಪದ್ಧತಿಯನ್ನು ಕಂಡುಹಿಡಿದ ಮಹಾನುಭಾವರು ಯಾರೋ, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಬೆಂಗಳೂರಿನ ಬಂದೂಕಿನ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಗಾಜಿನ ಆಚೆಯಿಂದ ತೋರಿಸಿ, “ಲೈಸೆನ್ಸ್ ಇಲ್ಲದೆ ಮುಟ್ಟೋ ಹಾಗಿಲ್ಲಮ್ಮ, ನೋಡಬಹುದು” ಎಂದರು. “ಸೌತೇಕಾಯೂ ಮುಟ್ಟಿ ನೋಡ್ದೆ ತಕ್ಕಳಾಕಿಲ್ವಲ್ಲಪ್ಪ ನಾವು” ಎಂದಳು ನಮ್ಮವಳು. ಆದರೂ ಆ ಮನುಷ್ಯ ಒಳ್ಳೆಯವರು, ವ್ಯಾಪಾರ ಆಗುವುದಿಲ್ಲವೆಂದು ಗೊತ್ತಿದ್ದೂ ಕೂರಿಸಿಕೊಂಡು ಪಾಠ ಮಾಡಿದರು. ಪಿಸ್ತೂಲಿನಲ್ಲಿ ಗುಂಡು ಹೆಚ್ಚು ಹಿಡಿಸುತ್ತದೆ, ಆದರೆ ಒಂದು ತೋಟಾ ಸಿಕ್ಕಿಕೊಂಡರೆ ಹಿಂದಕ್ಕೆ ಎಳೆದು ಬಿಡಿಸುವ ಅಭ್ಯಾಸ ಬೇಕು. ಕೈ ನಡುಗುವ ಹೊತ್ತಿನಲ್ಲಿ ಆ ಅಭ್ಯಾಸ ನೆನಪಿಗೆ ಬರುವುದಿಲ್ಲ. ರಿವಾಲ್ವರಿನಲ್ಲಾದರೆ ಒಂದು ತೋಟಾ ಹಾರದಿದ್ದರೂ ಮತ್ತೊಮ್ಮೆ ಬೆರಳು ಒತ್ತಿದರೆ ಮುಂದಿನದು ಬರುತ್ತದೆ. ಹಳೆಯ ಮಾಲು ಕೊಳ್ಳುವುದಾದರೆ ಗುಂಡು ತುಂಬುವ ಉರುಳೆ ಅಲುಗಾಡುತ್ತದೆಯೇ ನೋಡಬೇಕು. ಹಿಡಿ ಅಂಗೈಗೆ ಕೂರಬೇಕು, ಬೆರಳು ಟ್ರಿಗರಿಗೆ ಎಟುಕಬೇಕು, ಒತ್ತುವ ಶಕ್ತಿ ಇರಬೇಕು. ಹೊಳಪು, ಕೆತ್ತನೆ, ಇಂಗ್ಲೆಂಡಿನ ಹೆಸರು ಯಾವುದೂ ಮುಖ್ಯವಲ್ಲ. ಇನ್ನು ಕ್ರೀಡೆಯ ಪಿಸ್ತೂಲೇ ಬೇರೆ. ಅದರ ನಳಿಗೆ ಉದ್ದ, ಟ್ರಿಗರು ಬೆಣ್ಣೆಯಷ್ಟು ಮೆದು, ಗುರಿ ತಿದ್ದಿಕೊಳ್ಳಲು ತಿರುಪುಗಳಿರುತ್ತವೆ. ಗುರಿಯ ಹಾಳೆಗೆ ಹೊಡೆಯಲು ಅದು ಸರಿ, ಸೆರಗಿನೊಳಗೆ ಇಟ್ಟುಕೊಂಡು ಡೇರಿಗೆ ಹೋಗಲು ಅಲ್ಲ.

ಹಿಡಿ ಅಂಗೈಗೆ ಕೂರುತ್ತದೋ ಇಲ್ಲವೋ ಎಂದು ಗಾಜಿನ ಆಚೆಯಿಂದ ತಿಳಿಯುವುದು ಹೇಗೆ? ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಸಮದ್ ನನ್ನ ಬಹುಕಾಲದ ಗೆಳೆಯ. ಅಂಗಡಿಯವರು ಹೇಳಿದ ಅಳತೆಗಳನ್ನು ಅವನ ಮುಂದೆ ಇಟ್ಟೆ. “ಬೊಂಬೆ ಅಂಗಡೀಲಿ ಬಂದೂಕ ಕೇಳ್ತೀರಲ್ಲಾ ಅಯ್ಯನೋರೆ, ಪೊಲೀಸ್ರು ನನ್ನ ಎತ್ತಾಕ್ಕೊಂಡ್ ಹೋದ್ರೆ ನಮ್ಮ ಗುಲ್ಜಾರ್ ಬೀ ನಿಮ್ ಮನೆ ಮುಂದೆ ಬಂದು ಕೂತ್ಕೊಂತಾಳೆ ನೋಡ್ರಿ” ಎಂದು ಹೆಂಡತಿಯ ಹೆಸರು ಹೇಳಿ ಹೆದರಿಸಿದನಾದರೂ, ಬೊಂಬೆಗೆ ಬಳಸುವ ಆಲೆ ಮರದಲ್ಲಿ ಒಂದು ರಿವಾಲ್ವರು, ಒಂದು ಪಿಸ್ತೂಲು ಕಡೆದು, ತೂಕಕ್ಕೆಂದು ಒಳಗೆ ಸೀಸ ತುಂಬಿ ಕೊಟ್ಟ. ಬಣ್ಣ ಹಾಕದೆ ಮರವನ್ನು ಹೊರಗೆ ಕಳಿಸಿ ಅವನಿಗೆ ಅಭ್ಯಾಸವಿಲ್ಲ. ಹೀಗಾಗಿ ರಿವಾಲ್ವರಿಗೆ ಅರಗಿನ ಕೆಂಪು, ಪಿಸ್ತೂಲಿಗೆ ಹಳದಿ. ರೇವಮ್ಮ ಎರಡನ್ನೂ ಹಿಡಿದು ನೋಡಿ, “ಇದ್ನ ತೋರ್ಸುದ್ರೆ ಬೋರಲಿಂಗ ನಕ್ಕು ನಕ್ಕೇ ಸಾಯ್ತಾನೆ, ಗುಂಡ್ಯಾಕಣ್ಣ?” ಎಂದಳು. ನಗು ಮುಗಿದ ಮೇಲೆ ಕೆಂಪನ್ನು ಆರಿಸಿಕೊಂಡಳು. ಚಿಕ್ಕದು, ಮೊಂಡು, ಅವಳ ಅಂಗೈಗೆ ಹೊಂದುವಂಥದು. ಅರ್ಜಿಯಲ್ಲಿ, ಗುಂಡಿನ ಅಳತೆಯನ್ನೂ ಸೇರಿಸಿ, ‘ಮೂವತ್ತೆರಡರ ರಿವಾಲ್ವರ್’ ಎಂದು ನಾನೇ ಬರೆದೆ.

ಅರ್ಜಿ ತೆಗೆದುಕೊಂಡ ತಮ್ಮ ಗುಮಾಸ್ತರು ಉದ್ದೇಶದ ಕಲಮು ನೋಡಿ ಮುಖ ಸಿಂಡರಿಸಿದರು. “ಆತ್ಮರಕ್ಷಣೆ ಅಂತ ಬರೆದರೆ ಯಾರಿಂದ ಅಂತ ಕೇಳ್ತಾರೆ. ಹಂದಿ ಕಾಟ ಅಂತ ಬರೆದು ನಾಡಬಂದೂಕ ಕೇಳಿ, ಬೇಗ ಆಗುತ್ತೆ.” ರೇವಮ್ಮ ನನ್ನ ಕಿವಿಯಲ್ಲಿ, “ಬರಿಯಣ್ಣ, ಸುಳ್ಳೇನಾಗಾಕಿಲ್ಲ” ಎಂದಳು. ಮಾನ್ಯರೇ, ಇದೊಂದನ್ನು ನನಗೆ ಬಿಡಿಸಿ ಹೇಳಿ. ಹಂದಿ ರಾಗಿ ಹೊಲಕ್ಕೆ ನುಗ್ಗುತ್ತದೆ ಎಂದರೆ ಸರ್ಕಾರ ತಕ್ಷಣ ನಂಬುತ್ತದೆ. ಹಂದಿಯ ಹೇಳಿಕೆ ಪಡೆಯುವುದಿಲ್ಲ. ಹಂದಿಗೆ ಆ ಉದ್ದೇಶ ನಿಜಕ್ಕೂ ಇತ್ತೇ ಎಂದು ಪಂಚಾಯಿತಿ ಮಾಡುವುದಿಲ್ಲ. ಮನುಷ್ಯ ಮನೆಗೆ ನುಗ್ಗುತ್ತಾನೆ ಎಂದರೆ ಮಾತ್ರ ಪುರಾವೆ ಬೇಕೇ? ಗುಮಾಸ್ತರ ಎರಡನೇ ಸಲಹೆ, “ಕ್ರೀಡೆ ಅಂತ ಬರೀರಿ, ಕ್ಲಬ್ಬಿನ ಸದಸ್ಯತ್ವ ಮಾಡಿಸಿ.” ಅದನ್ನೂ ಮಾಡಿ ನೋಡೋಣವೆಂದು ಒಂದು ಶೂಟಿಂಗ್ ಕ್ಲಬ್ಬಿಗೆ ಹೋದೆವು. ಅಲ್ಲಿಯವರನ್ನು ನಾನು ಆಡಿಕೊಳ್ಳುವುದಿಲ್ಲ. ಉಸಿರು ಹಿಡಿದು, ಮನಸ್ಸು ಹಿಡಿದು ಗುರಿ ಇಡುವ ಶಿಸ್ತು ನೋಡಿ ನನಗೆ ಗೌರವವೇ ಬಂತು. ಕಲಿಸುವವರು ಚಹಾ ಕೊಟ್ಟು, ಗಾಳಿಯ ಒತ್ತಡದಿಂದ ಹಾರಿಸುವ ಪಿಸ್ತೂಲನ್ನು ಅವಳ ಕೈಗೆ ಕೊಟ್ಟು, “ಹೊಡೀಬೇಕು ಅಂತ ನಿರ್ಧಾರ ಮಾಡೋವರೆಗೂ ಬೆರಳು ಟ್ರಿಗರಿನ ಹೊರಗಿರಬೇಕಮ್ಮ. ತುಂಬಿಲ್ಲ ಅಂತ ಗೊತ್ತಿದ್ದರೂ ಮನುಷ್ಯರ ಕಡೆ ತಿರುಗಿಸಬಾರದು” ಎಂದು ಹೇಳಿಕೊಟ್ಟರು. ಅವಳು ಹಾಳೆಯ ಅಂಚಿಗೆ ಹೊಡೆದಳು. ಆಮೇಲೆ ಆ ತೂತನ್ನೇ ನೋಡುತ್ತ ನಿಂತು, “ಈ ಆಳೆ ನಂಗೇನ್ ಮಾಡಿತ್ತಣ್ಣ? ಸುಳ್ಳು ಬರಿಯಾದು ಬ್ಯಾಡ. ಸುಳ್ಳು ಬರ್ಸೋ ಅಂಗಿದ್ರೆ ಲಾರಿಯಿಂದ ಬಿದ್ದ ಅಂತ್ಲೇ ಬರ್ಸಿ ಸುಮ್ಗಿರ್ತಿರ್ನಿಲ್ವಾ?” ಎಂದಳು. ಆತ್ಮರಕ್ಷಣೆ ಎಂದೇ ಉಳಿಸಿದೆವು.

ಆಮೇಲೆ ವಿಚಾರಣೆ. ಅರ್ಜಿದಾರಳ ನಡತೆ ಒಳ್ಳೆಯದೇ, ಪ್ರಾಣಭಯ ಇರುವುದು ನಿಜವೇ ಎಂದು ಕೇಳಲು ಲಕ್ಷ್ಮಯ್ಯ ಎಂಬ ಪೇದೆ ಊರಿಗೆ ಬಂದ. ನಮ್ಮ ಹಳ್ಳಿಗಳ ಒಂದು ಗುಣ ತಮಗೆ ಗೊತ್ತಿರಬೇಕು. ಖಾಕಿಯವರು ಬಂದು ಯಾರದಾದರೂ ಹೆಸರು ಹಿಡಿದು ಕೇಳಿದರೆ, ಅವರು ಏನೋ ಎಡವಟ್ಟು ಮಾಡಿಕೊಂಡಿದ್ದಾರೆಂದೇ ಊರು ತಿಳಿಯುತ್ತದೆ. ಕೂಡಲೇ ಹಳೆಯ ಜಗಳಗಳನ್ನೆಲ್ಲ ಮರೆತು ಒಟ್ಟಾಗಿ ಕಾಪಾಡಲು ನಿಲ್ಲುತ್ತದೆ. ಪಕ್ಕದ ಮನೆಯ ಬಸವಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ನಮ್ ರೇವಮ್ಮ ಇರುವೆ ತುಳಿಯೋಳಲ್ಲ ಸಾ. ಅವಳ್ಗೆ ಆಗದೋರು ಯಾರವ್ರೆ? ಯಾರೂ ಇಲ್ಲ. ಬೇಕಾರೆ ದೇವ್ರ ಮುಂದೆ ಯೋಳ್ತೀನಿ” ಎಂದಳು. ಹೇಳಿ ಬಂದವಳೇ ರೇವಮ್ಮನ ಮನೆಗೆ ನುಗ್ಗಿ, “ಎಂಗ್ ಬಚಾವ್ ಮಾಡ್ದೆ ನೋಡವ್ವ ನಿನ್ನ! ಒಸಿ ಕಾಪಿ ಕಾಯ್ಸು” ಎಂದು ಕೂತಳು. ಬಯ್ಯುವುದೋ, ಕಾಫಿ ಕೊಡುವುದೋ? ರೇವಮ್ಮ ಎರಡನ್ನೂ ಮಾಡಿದಳು.

ಬಸವಲಿಂಗಮ್ಮನದು ಪ್ರೀತಿಯ ತಪ್ಪು, ಬಿಡಿ. ಊರಿನ ಗಣ್ಯರೊಬ್ಬರ ಹೇಳಿಕೆಯೂ ಬೇಕೆಂದು ತಮ್ಮ ನಿಯಮ ಹೇಳಿತಂತೆ. ಆ ಊರಿನಲ್ಲಿ ಜೀಪು ಇರುವ ಗಣ್ಯ ಒಬ್ಬನೇ. ಬೋರಲಿಂಗಯ್ಯ ಪೇದೆಗೆ ಎಳನೀರು ಕೆತ್ತಿಸಿಕೊಟ್ಟು, “ನಾನಿರೋಗಂಟ ರೇವಕ್ಕಂಗೆ ಯಾವ ಭಯ ಸಾ? ಆವಕ್ಕ ಎಲ್ಲೆಲ್ಲಿ ಓಯ್ತದೆ, ಯಾವೊತ್ತಿಗೆ ಬತ್ತದೆ, ಎಲ್ಲಾ ನಾನ್ ನೋಡ್ಕತಾನೇ ಇರ್ತೀನಿ” ಎಂದು ಹೇಳಿಕೆ ಕೊಟ್ಟ. ಅಷ್ಟೂ ಅಕ್ಷರಶಃ ನಿಜ. ಅದನ್ನು ಓದಿ ತಮ್ಮ ಕಛೇರಿಗೆ ಸಮಾಧಾನವಾಯಿತು, ನನಗೆ ಬೆವರು ಬಂತು. ಒಂದೇ ವಾಕ್ಯ ಇಬ್ಬರು ಓದುಗರ ಮೇಲೆ ಎಷ್ಟು ಬೇರೆ ಬೇರೆ ಪರಿಣಾಮ ಮಾಡುತ್ತದೆ ನೋಡಿ. ಕೊನೆಗೆ ಬಂದ ಆದೇಶದಲ್ಲಿ, ಅರ್ಜಿದಾರಳಿಗೆ ಶತ್ರುಗಳಿಲ್ಲವಾದ್ದರಿಂದ ಆಯುಧದ ಅಗತ್ಯವಿಲ್ಲ, ಮತ್ತು ಇರುವೆಯನ್ನೂ ತುಳಿಯದ ಸ್ವಭಾವದವಳಾದ್ದರಿಂದ ಆಯುಧ ಬಳಸಲು ಸಮರ್ಥಳಲ್ಲ ಎಂದಿತ್ತು. ಹಾಗಾದರೆ ತಮ್ಮ ಪರವಾನಗಿಗೆ ಯೋಗ್ಯರು ಯಾರು? ಊರೆಲ್ಲ ಹೆದರುವಂಥವನು, ಆದರೆ ನಡತೆಯ ಪತ್ರದಲ್ಲಿ ಸಾಧುವಾಗಿರುವವನು. ಅಂಥವನು ಸಿಗುವುದು ಕಷ್ಟವೆಂದುಕೊಂಡಿದ್ದೆ. ತಮಗೆ ಸಿಕ್ಕಿದ.

ಎರಡು ತಿಂಗಳ ಹಿಂದೆ ಅದೇ ಲಕ್ಷ್ಮಯ್ಯ ಮತ್ತೆ ರೇವಮ್ಮನ ಅಂಗಳಕ್ಕೆ ಬಂದ. ನಾನೂ ಅಲ್ಲೇ ಇದ್ದೆ. ಟೊಪ್ಪಿಗೆ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಹೇಳಲೋ ಬೇಡವೋ ಎಂಬಂತೆ ನಿಂತಿದ್ದ.

“ಅವ್ವ, ತಪ್ಪು ತಿಳ್ಕಬ್ಯಾಡಿ. ಬೋರಲಿಂಗಯ್ಯನೋರು ರಿವಾಲ್ವರ್‌ಗೆ ಅರ್ಜಿ ಹಾಕವ್ರೆ. ಪ್ರಾಣಭಯ ಐತಂತೆ.”

“ಯಾರಿಂದ್ಲಪ್ಪ?”

“ನಿಮ್ಮಿಂದ.”

ರೇವಮ್ಮ ಕೈಯಲ್ಲಿದ್ದ ಹಾಲಿನ ಕ್ಯಾನು ಕೆಳಗಿಟ್ಟಳು. “ನನ್ನಿಂದ್ಲಾ?”

“ನೀವು ಆಯುಧಕ್ಕೆ ಅರ್ಜಿ ಹಾಕಿದ್ರಲ್ಲ, ಅದೇ ಪುರಾವೆ ಅಂತ ಬರುದವ್ರೆ.”

“ಅಲ್ಲಪ್ಪ, ನಾನು ಇರುವೆನೂ ತುಳಿಯೋಳಲ್ಲ ಅಂತ ನಿಮ್ಮೋರೇ ಅಲ್ವಾ ಬರ್ದಿದ್ದು?”

“ಅದು ಆ ಪೈಲು ಕಣವ್ವ. ಇದು ಈ ಪೈಲು” ಎಂದ ಲಕ್ಷ್ಮಯ್ಯ. ಆ ಮನುಷ್ಯನಿಗೂ ನಾಚಿಕೆಯಾಗಿತ್ತು, ಕಾಫಿ ಕುಡಿಯದೆ ಹೋದ.

ಆ ಕಡತ ಓಡಿದ ವೇಗವನ್ನು ನಾನು ಹೊಗಳದಿದ್ದರೆ ಪಾಪ ಬರುತ್ತದೆ. ನಮ್ಮದು ತೆವಳಿದ ದಾರಿಯಲ್ಲೇ ಅದು ಜೀಪಿನಲ್ಲಿ ಹೋಗಿ ಬಂತು. ಹೋದ ವಾರ ಬೋರಲಿಂಗಯ್ಯ ಡೇರಿಯ ಮುಂದೆ ಹೊಸ ರಿವಾಲ್ವರನ್ನು ಸೊಂಟದಿಂದ ತೆಗೆದು ಎಲ್ಲರಿಗೂ ತೋರಿಸಿದ. ಬೆರಳು ಟ್ರಿಗರಿನ ಒಳಗೇ ಇತ್ತು, ನಳಿಗೆ ಹಾಲು ಹಾಕಲು ಸಾಲು ನಿಂತ ಹೆಂಗಸರ ಕಡೆಗಿತ್ತು. “ಅಕ್ಕೋ, ಒಂದ್ ವಂದ್ನೆ ಯೋಳ್ಬೇಕು ಕಣಕ್ಕ ನಿಂಗೆ. ನಿನ್ನೆಸ್ರು ಬರುದ್ಮೇಲೇ ಸಿಕ್ಕಿದ್ದು ಇದು” ಎಂದನಂತೆ. ಯಾರೂ ನಗಲಿಲ್ಲ. ಎಲ್ಲರಿಗಿಂತ ಮೊದಲು ಮಾತಾಡುವ ಬಸವಲಿಂಗಮ್ಮ ಕ್ಯಾನು ಎತ್ತಿಕೊಂಡು ಮನೆಯ ಕಡೆ ನಡೆದಳು.

ಬರುವ ತಿಂಗಳು ಕನಕಪುರದಲ್ಲಿ ರೇವಮ್ಮನ ಸಾಕ್ಷಿ. ಅವಳ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಇರುವುದು ಒಂದೇ ದಾರಿ, ಕ್ವಾರಿಯ ಪಕ್ಕದ್ದು. ಹೊಂಗನೂರಿಗೆ ಬಂದು ನಮ್ಮ ಮನೆಯಲ್ಲಿ ಇರು ಎಂದರೆ, “ಹಸ ಯಾರ್ ಕರೀತಾರೆ, ನಿನ್ನೆಂಡ್ತಿ ಬತ್ತಾಳಾ?” ಎನ್ನುತ್ತಾಳೆ. ಸಾಕ್ಷಿ ಹೇಳದಿದ್ದರೆ ಆಗದೇ ಎಂದು ಒಮ್ಮೆ ಬಾಯಿಬಿಟ್ಟು ಕೇಳಿದೆ. ಅವಳು ಕುಡುಗೋಲು ಎತ್ತಿಕೊಂಡು ಹುಲ್ಲು ಕೊಯ್ಯಲು ಹೊರಟುಹೋದಳು. ಸಂಜೆ ತಾನೇ ಬಂದು ಕೂತು, “ನಂಗೆ ಪಿಸ್ತೂಲಿ ಬ್ಯಾಡ ಕಣಣ್ಣ. ನನ್ ಕೈಲಿ ಇದ್ರೂ ನಾನ್ ಒಡೀತಿರ್ನಿಲ್ವೇನೋ. ಅವ್ನತ್ರ ಇರೋದ್ನ ಈಸ್ಕಳಕ್ಕೆ ಯೋಳು, ಸಾಕು” ಎಂದಳು.

ಆದ್ದರಿಂದ, ಮಾನ್ಯರೇ, ನಮ್ಮ ಅರ್ಜಿಯನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇವೆ. ನಂಬಿಕೆಗೆ ಅರ್ಹವಾದ ಕೈಬಂದೂಕು ಯಾವುದೆಂದು ವರ್ಷವಿಡೀ ಹುಡುಕಿದೆವು, ಈಗ ಸಿಕ್ಕಿದೆ. ಬೋರಲಿಂಗಯ್ಯನ ಸೊಂಟದಲ್ಲಿ ಈಗ ಇರುವುದೇ ಅದು. ಅದನ್ನು ಅವನಿಂದ ತೆಗೆಸಿ, ಗುಂಡು ಬೇರೆ ಮಾಡಿ, ಸಾಕ್ಷಿ ಮುಗಿದು ತೀರ್ಪು ಬರುವ ತನಕ ಸರ್ಕಾರದ ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ, ನನ್ನ ತಂಗಿಯ ಪ್ರಾಣ ಕಾಯಲು ಅದಕ್ಕಿಂತ ನಂಬಿಕಸ್ಥ ಆಯುಧ ಬೇರೊಂದಿಲ್ಲ. ಪರವಾನಗಿ ಕೊಡುವ ಅಧಿಕಾರದ ಜೊತೆಗೆ ಅದನ್ನು ಅಮಾನತು ಮಾಡುವ ಅಧಿಕಾರವನ್ನೂ ಕಾಯಿದೆ ತಮಗೆ ಕೊಟ್ಟಿದೆಯೆಂದು ವಕೀಲರು ಹೇಳಿದರು. ಸಾಕ್ಷಿಯ ದಿನಕ್ಕೆ ಮುಂಚೆ ಆ ಅಧಿಕಾರವನ್ನು ಬಳಸಬೇಕು. ಆಗುವುದಿಲ್ಲ ಎನ್ನುವುದಾದರೆ, ಅಂದು ಬೆಳಿಗ್ಗೆ ತಾವೇ ಬಂದು ಕ್ವಾರಿಯ ಪಕ್ಕದ ದಾರಿಯಲ್ಲಿ ನಮ್ಮ ಜೊತೆ ಬಸ್ಸಿನವರೆಗೆ ನಡೆಯಬೇಕು. ದೂರವೇನಿಲ್ಲ. ತಿಂಡಿ ನಮ್ಮಲ್ಲೇ ಆಗಲಿ, ರೇವಮ್ಮ ರೊಟ್ಟಿ ಚೆನ್ನಾಗಿ ತಟ್ಟುತ್ತಾಳೆ.

ಇಂತಿ,
ಆ ದಿನ ತಂಗಿಯ ಮುಂದೆ ಮುಂದೆ ನಡೆಯಲಿರುವ,
ಕೊಡೆಯೊಂದನ್ನು ಬಿಟ್ಟರೆ ಬೇರೆ ಯಾವ ಆಯುಧವೂ ಇಲ್ಲದ,
ಮಲ್ಲಿಕಾರ್ಜುನಯ್ಯ, ಹೊಂಗನೂರು